ಮಹೋಗನಿ ಆಲ್

ಒಣಗಿಸಿಡಲು ಸೇಬು ಹೆಚ್ಚುತ್ತಿದ್ದೆ. ಅರ್ಧ ಬುಟ್ಟಿ ಮುಗಿದಿತ್ತು, ರಸ ತಾಗಿ ಹೆಬ್ಬೆರಳು ಕಪ್ಪಾಗಿತ್ತು. ಅಷ್ಟರಲ್ಲಿ ನನ್ನ ತಮ್ಮನ ಮಗಳು ಲೊರೇನ್ ಹಿಂಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದಳು. ಕಂಬಳಿ ಸುತ್ತಿದ ಏನನ್ನೋ ಎಳೆಗೂಸಿನ ಹಾಗೆ ಎತ್ತಿಕೊಂಡಿದ್ದಳು.

“ಅತ್ತೆ, ಮೊದಲು ನೋಡಿ, ಆಮೇಲೆ ಬೈರಿ,” ಅಂದಳು.

ಚರ್ಚಿನವರು ಹಳೇ ಸಾಮಾನು ಮಾರುತ್ತಿದ್ದರಂತೆ. ಹೊಲಿಗೆ ಮಿಷನ್ ತರುತ್ತೇನೆಂದು ಹೋದವಳು ಗಿಟಾರ್ ತಂದಿದ್ದಳು.

ನಮ್ಮೂರಿನಲ್ಲಿ ಗಿಟಾರ್ ಕೆಟ್ಟರೆ ಈಗಲೂ ನನ್ನ ಅಡುಗೆಮನೆಗೇ ಬರುತ್ತದೆ. ಮದುವೆಗೆ ಮುಂಚೆ ನಾನು ಗಿಟಾರ್ ಕಾರ್ಖಾನೆಯಲ್ಲಿ ಹಲಗೆಗಳ ಒಳಮೈಗೆ ಆಸರೆಯ ಪಟ್ಟಿ ಅಂಟಿಸುವ ಕೆಲಸಕ್ಕಿದ್ದೆ. ಕಾರ್ಖಾನೆ ಬಿಟ್ಟರೂ ಕೈ ಆ ಕೆಲಸವನ್ನು ಬಿಡಲಿಲ್ಲ. ಚಾಕು, ಸೇಬು ಎಲ್ಲ ಪಕ್ಕಕ್ಕೆ ಸರಿಸಿ ಕೈ ಒರೆಸಿಕೊಂಡು ನೋಡಿದೆ.

ಪೂರ್ತಿ ಮಹೋಗನಿಯದು. ಬೇರೆ ಗಿಟಾರುಗಳಿಗೆ ಎದೆ ಹಲಗೆ ಬಿಳಿ ಮರದ್ದು, ಬೆನ್ನು ಬೇರೆ ಮರದ್ದು. ಇದಕ್ಕೆ ಎದೆ, ಬೆನ್ನು, ಪಕ್ಕೆ, ಕುತ್ತಿಗೆ ಎಲ್ಲ ಒಂದೇ ಕೆಂಪು ಮರ, ಕುದಿಸಿದ ಟೀ ಬಣ್ಣ. ಹೊಳಪಿಲ್ಲ, ಕುಸುರಿಯಿಲ್ಲ. ನಮ್ಮ ಕಾಲದಲ್ಲಿ ಬಡವರ ಗಿಟಾರ್ ಅನ್ನುತ್ತಿದ್ದರು.

ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ವಯಸ್ಸಾದ ಮೇಲೆ ಎಲ್ಲರದೂ ಹಾಗೇ. ತಂತಿಯ ಎಳೆತಕ್ಕೆ ಎದೆ ಚೂರು ಉಬ್ಬಿತ್ತು, ಕೆಳಗಡೆ ಮೂರು ಬೆರಳಿನಷ್ಟು ಉದ್ದದ ಬಿರುಕು. ಕುತ್ತಿಗೆಯ ಅಡ್ಡಗೆರೆಗಳಲ್ಲಿ ಮೂರನೇ ಫ್ರೆಟ್ಟಿನವರೆಗೆ ತಂತಿ ಕೊರೆದು ಗುಳಿ ಬಿದ್ದಿತ್ತು, ಅದರಾಚೆ ಬೆರಳು ಸೋಕಿದ ಗುರುತೂ ಇಲ್ಲ. ನುಡಿಸಿದವನಿಗೆ ಬರುತ್ತಿದ್ದದ್ದು ನಾಲ್ಕು ಹಾಡು, ಅದನ್ನೇ ನಲವತ್ತು ವರ್ಷ ಪ್ರೀತಿಯಿಂದ ನುಡಿಸಿದ್ದಾನೆ ಅಂದೆ. ಲೊರೇನ್ ನಕ್ಕಳು.

ಬೆನ್ನನ್ನು ಗೆಣ್ಣಿನಿಂದ ತಟ್ಟಿದೆ. ಒಳಗೆ ಕಟಕಟ ಅಂತು. ಒಂದು ಪಟ್ಟಿ ಬಿಟ್ಟುಕೊಂಡಿದೆ.

ಹಲ್ಲಿನ ಡಾಕ್ಟರು ಕೊಟ್ಟ ಪುಟ್ಟ ಕನ್ನಡಿಯನ್ನು ದುಂಡು ಕಂಡಿಯೊಳಗೆ ಬಿಟ್ಟು, ಟಾರ್ಚ್ ಹಿಡಿ ಅಂತ ಲೊರೇನಳಿಗೆ ಹೇಳಿದೆ. ಎದೆ ಹಲಗೆಯ ಒಳಮೈ ಕನ್ನಡಿಯಲ್ಲಿ ಮೂಡಿತು. ಪಟ್ಟಿಗಳ ಎರಡೂ ಪಕ್ಕ ಅಂಟು ಸೋರಿ, ಮೇಣದಬತ್ತಿ ಕರಗಿದ ಹಾಗೆ ಹನಿಹನಿಯಾಗಿ ಗಟ್ಟಿಯಾಗಿತ್ತು. ಒರೆಸಿರಲಿಲ್ಲ.

ನನ್ನ ಕೈ ನಿಂತಿತು. ನಾನು ಆರು ವರ್ಷದಲ್ಲಿ ಅಂಟು ಒರೆಸದೆ ಬಿಟ್ಟದ್ದು ಒಂದೇ ಗಿಟಾರಿನಲ್ಲಿ.

*

ಫಿಲಡೆಲ್ಫಿಯಾದಾಚೆ ನಮ್ಮ ಕಡೆ ಆಡುವ ಇಂಗ್ಲಿಷು, ವಲಸೆ ಬಂದ ಅಜ್ಜಂದಿರ ಜರ್ಮನ್ನಿನಲ್ಲಿ ಅದ್ದಿ ತೆಗೆದದ್ದು. ಡಬ್ಬಿಯಲ್ಲಿ ಸಕ್ಕರೆ ತೀರಿದರೆ ‘ಸಕ್ಕರೆ ಆಲ್’ ಅನ್ನುತ್ತೇವೆ. ಕಾಫಿ ಆಲ್, ಸೌದೆ ಆಲ್, ರಜಾ ಆಲ್. ಆ ಮಾತಿಗೆ ‘ಎಲ್ಲ’ ಅನ್ನುವ ಅರ್ಥವೂ ಇದೆ, ಗೊತ್ತಿಲ್ಲವೆಂದಲ್ಲ. ಆದರೆ ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ತಳ ಕಂಡ ಡಬ್ಬಿಯೇ. ಆಲ್ ಅಂದರೆ ಮುಗೀತು.

ಅಮ್ಮ ತೀರಿಕೊಂಡಾಗ ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ನಾಲ್ಕು ಜನ ತಮ್ಮ ತಂಗಿಯರನ್ನು ನೋಡಿಕೊಂಡೆ. ಅವರು ಸ್ವಲ್ಪ ದೊಡ್ಡವರಾದ ಮೇಲೆ ಕಾರ್ಖಾನೆಗೆ ಸೇರಿದೆ. ಮೊದಲನೇ ವಾರ. ಮೇಸ್ತ್ರಿ ಹೆಕ್‌ಮನ್ ನಮ್ಮೂರಿನವರೇ. ಮರದ ಕಟ್ಟಿಗೆ ಸಿಕ್ಕಿಸಿದ ಚೀಟಿಯಲ್ಲಿ ಏನಿದೆ ಓದಮ್ಮ ಅಂದರು. ಆಲ್ ಮಹೋಗನಿ, ಅಂದರೆ ಪೂರ್ತಿ ಮಹೋಗನಿ, ಅಂತ ಇತ್ತು. ನಾನು ನಮ್ಮ ಮನೆ ಮಾತಿನಲ್ಲೇ, “ಮಹೋಗನಿ ಆಲ್ ಅಂತ ಬರೆದಿದೆ,” ಅಂದೆ.

ಹೆಕ್‌ಮನ್ ಟೊಪ್ಪಿ ನೆಲಕ್ಕೆ ಬಡಿದರು. ಹೇಳದೆ ಕೇಳದೆ ಮರ ಖಾಲಿ ಮಾಡಿದ್ದೀರಿ ಅಂತ ಉಗ್ರಾಣದವರ ಮೇಲೆ ಕೂಗಾಡಲು ಹೋದರು. ಇಡೀ ಸಾಲು ಕೆಲಸ ನಿಲ್ಲಿಸಿ ಕೈಕಟ್ಟಿ ಕೂತಿತು. ಇಬ್ಬರೂ ಊರಿನವರೇ ಆದ್ದರಿಂದ ಆದ ಅನಾಹುತ. ಒಬ್ಬರಾದರೂ ಹೊರಗಿನವರಾಗಿದ್ದರೆ ಆಗುತ್ತಿರಲಿಲ್ಲ.

ಹೊರಗಿನವನು ಒಬ್ಬನಿದ್ದ. ಮರದ ರಾಶಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಹುಬ್ಬಿನ ಮೇಲೆಲ್ಲ ಕೆಂಪು ಹೊಟ್ಟು. ನಗು ತಡೆದುಕೊಂಡು ತುಟಿಯ ಒಂದೇ ತುದಿ ಕುಣಿಯುತ್ತಿತ್ತು.

“ಮಹೋಗನಿ ಮುಗಿದಿದ್ರೆ, ಮೇಡಂ, ನಾನು ಕೂತಿರೋದು ಯಾವುದರ ಮೇಲೆ?”

ಅವನೇ ಏಸಾ ಥರ್ಲೊ. ದೂರದ ಮೇಯ್ನ್ ರಾಜ್ಯದ ಸಮುದ್ರದ ದಂಡೆಯವನು, ದೋಣಿ ಕಟ್ಟುವವರ ಮಗ. ಮರದ ಹದ ಕಲಿಯಲು ಬಂದಿದ್ದ. ಹಲಗೆ ಸೀಳಿ ತೆಳುಮಾಡಿ ನಮಗೆ ಕೊಡುವುದು ಅವನ ಕೆಲಸ. ನನಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಅವನ ಮುಖ ನೋಡಲಿಲ್ಲ. ಬೂಟು ನೋಡಿದೆ. ಎಡಗಾಲಿನ ದಾರ ಹಗ್ಗದ ಗಂಟಿನ ಹಾಗೆ ಕಟ್ಟಿದ್ದ. ಎರಡು ವರ್ಷ ಆ ಗಂಟು ನನ್ನ ಟೇಬಲ್ಲಿನ ಹತ್ತಿರ ಬರುವುದನ್ನು, ತಲೆ ಎತ್ತದೆಯೇ, ಕಾಯುತ್ತಿದ್ದೆ.

ಆವತ್ತಿನಿಂದ ಅವನು ನನ್ನ ಹತ್ತಿರ ನನ್ನ ಮಾತನ್ನೇ ಆಡತೊಡಗಿದ. ಊಟದ ಹೊತ್ತಿಗೆ ಬಂದು ತನ್ನ ಫ್ಲಾಸ್ಕ್ ಬೋರಲು ಹಾಕಿ, “ಎರ್ಮಾ, ಕಾಫಿ ಆಲ್,” ಅನ್ನುತ್ತಿದ್ದ, ನಮ್ಮ ಅಪ್ಪನ ಥರ ಮುಖ ಜೋಲು ಬಿಟ್ಟುಕೊಂಡು. ನನ್ನದರಲ್ಲಿ ಅರ್ಧ ಕೊಡುತ್ತಿದ್ದೆ. ಕಾಕಂಬಿ ಪೈ ತಂದ ದಿನ, “ಪೈ ಆಲ್,” ಅಂತ ನಿಟ್ಟುಸಿರು ಬಿಡುತ್ತಿದ್ದ. ಬೆನ್ನ ಹಿಂದೆ ಒಂದು ತುಂಡು ಇಟ್ಟುಕೊಂಡೇ. ಗಡ್ಡದಲ್ಲಿ ಪುಡಿ ಇದೆ ಅಂತ ನಾನು ಹೇಳುತ್ತಿರಲಿಲ್ಲ. ಸಂಜೆವರೆಗೂ ಹಾಗೇ ಓಡಾಡಲಿ ಅಂತ.

ತೆಳು ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ, ನನ್ನ ಕಿವಿಯ ಹತ್ತಿರ ಹಿಡಿದು ತಟ್ಟುತ್ತಿದ್ದ. ಬಿಳಿ ಮರ ಗಂಟೆಯ ಹಾಗೆ ತುಂಬಾ ಹೊತ್ತು ಗುಂಯ್‌ಗುಡುತ್ತದೆ. ಮಹೋಗನಿ ಹಾಗಲ್ಲ, ಚಿಕ್ಕದಾಗಿ ಒಮ್ಮೆ ಹೇಳಿ ಸುಮ್ಮನಾಗುತ್ತದೆ. “ನಮ್ಮೂರಿನ ಜನದ ಥರ,” ಅಂದ. “ಒಂದೇ ಮಾತು. ಆದ್ರೆ ಒಳಗಿಂದ.” ಹಾಗೆನ್ನುವಾಗ ಹಲಗೆ ನೋಡುತ್ತಿರಲಿಲ್ಲ.

ಎರಡನೇ ವರ್ಷದ ವಸಂತದಲ್ಲಿ ಅವನ ತಂದೆಯ ಕೈ ಗರಗಸಕ್ಕೆ ಸಿಕ್ಕಿತು. ದೋಣಿಯ ಕೆಲಸ ನೋಡಲು ಮನೆಗೆ ಹೋಗಲೇಬೇಕಾಯಿತು. ಶುಕ್ರವಾರ ಕೆಲಸ ಬಿಡುವ ಹೊತ್ತಿಗೆ, ಹಾಜರಿ ಗಡಿಯಾರದ ಹತ್ತಿರ ನಿಂತು, ನನ್ನ ಜೊತೆ ಬರುತ್ತೀಯಾ ಅಂತ ಕೇಳಿದ. ನನಗೆ ಮೊದಲು ನೆನಪಾದದ್ದು ತಮ್ಮ ತಂಗಿಯರ ನಾಲ್ಕು ತಟ್ಟೆ. ಇವರನ್ನು ಯಾರ ಕೈಗೆ ಬಿಟ್ಟು ಬರಲಿ ಅಂದೆ. ಅವನ ಮುಖ ಇಳಿಯಿತು. ನನಗೂ ಸಂಕಟವಾಗಿ, ಅದನ್ನು ಮುಚ್ಚಲು, ಊರಲ್ಲಿ ಇಷ್ಟು ಹುಡುಗಿಯರಿರುವಾಗ ನಾನೇ ಯಾಕೆ ಅಂತ ಸ್ವಲ್ಪ ಗಡುಸಾಗಿಯೇ ಕೇಳಿದೆ.

ಟೊಪ್ಪಿ ತೆಗೆದು ಕೈಯಲ್ಲಿ ತಿರುಗಿಸಿದ.

“ಬಾಯಲ್ಲಿ ಹೇಳಕ್ಕೆ ನಂಗೆ ಬರಲ್ಲ, ಎರ್ಮಾ. ನಾಳೆ ನಂಗೆ ಅರ್ಧ ದಿನ ಕೆಲಸ ಇದೆ, ಮುಗಿಸಿ ಊರಿಗೆ ಹೊರಡ್ತೀನಿ. ಸೋಮವಾರ ನಿನ್ನ ಟೇಬಲ್ಲಿಗೆ ಬರೋ ಮೊದಲನೇ ಜೋಡೀಲಿ ಬರೆದಿಡ್ತೀನಿ. ಓದು. ಓದಿ ಕಾಗದ ಬರಿ.”

ಊರಿನ ವಿಳಾಸ ಬರೆದ ಚೀಟಿ ಕೊಟ್ಟ. ಕೈ ಮುಟ್ಟಲಿಲ್ಲ. ಹೆಕ್‌ಮನ್ ನೋಡುತ್ತಿದ್ದರು.

ಸೋಮವಾರ ಎಲ್ಲರಿಗಿಂತ ಮುಂಚೆ ಹೋದೆ. ರಾಶಿಯ ಮೇಲಿನ ಎದೆ ಹಲಗೆ ಎತ್ತಿದೆ. ಒಳಮೈಯಲ್ಲಿ, ಪಟ್ಟಿ ಕೂರುವ ಗೆರೆಗೆ ಒತ್ತಿಕೊಂಡಂತೆ, ಅವನ ದಪ್ಪ ಪೆನ್ಸಿಲ್ ಅಕ್ಷರ. ಮೂರೇ ಮಾತು.

ಎರ್ಮಾ ಈಸ್ ಆಲ್.

ಎರ್ಮಾ ಮುಗೀತು. ಕಾಫಿಯ ಹಾಗೆ, ಪೈಯ ಹಾಗೆ. ನನ್ನದೇ ಮಾತನ್ನು ಕಲಿತು ನನಗೇ ತಿರುಗಿಸಿದ್ದಾನೆ ಅನ್ನಿಸಿತು. ಬೇರೆ ಅರ್ಥ ಹೊಳೆಯಲೇ ಇಲ್ಲ. ಎರಡು ವರ್ಷ ನನ್ನ ಹತ್ತಿರ ಆ ಮಾತನ್ನು ಅವನು ಆಡಿದ್ದು ಆ ಒಂದು ಅರ್ಥದಲ್ಲೇ ತಾನೆ.

ಅಳಲಿಲ್ಲ. ಅಂಟು ಬಿಸಿ ಮಾಡಿ, ಹಲ್ಲು ಕಚ್ಚಿ, ಆ ಹಲಗೆಗೆ ಒಂದೊಂದೇ ಪಟ್ಟಿ ಒತ್ತಿ ಕ್ಲ್ಯಾಂಪ್ ಬಿಗಿದೆ. ಸೋರಿದ್ದನ್ನು ಒರೆಸಲಿಲ್ಲ. ಬೆನ್ನು ಹಲಗೆಗಳನ್ನು ಪಕ್ಕದ ಟೇಬಲ್ಲಿನ ಸ್ಟೆಲ್ಲಾ ಕಡೆ ತಳ್ಳಿ, ತಲೆನೋವು ಅಂತ ಹೇಳಿ ಮನೆಗೆ ಹೋದೆ. ಸ್ಟೆಲ್ಲಾಗೆ ಕನ್ನಡಕವಿಲ್ಲದೆ ತನ್ನ ಉಗುರೂ ಕಾಣುತ್ತಿರಲಿಲ್ಲ. ಹೆಕ್‌ಮನ್ ಮುಂದೆ ಕನ್ನಡಕ ಹಾಕಿಕೊಳ್ಳುತ್ತಲೂ ಇರಲಿಲ್ಲ.

ಅವನಿಗೆ ಕಾಗದ ಬರೆಯಲಿಲ್ಲ. ಮುಗಿದ ಮೇಲೆ ಬರೆಯುವುದೇನು? ಅವನಿಂದಲೂ ಏನೂ ಬರಲಿಲ್ಲ. ನಾಲ್ಕು ವರ್ಷದ ಮೇಲೆ ಸಿಮೆಂಟ್ ಗಿರಣಿಯ ರೇಮಂಡನನ್ನು ಮದುವೆಯಾದೆ.

*

ರೇಮಂಡ್ ಒಳ್ಳೆಯವನು. ಅರ್ಧಕ್ಕೆ ಬಿಟ್ಟ ಓದು ನನಗೊಂದು ಕೊರಗು ಅಂತ ತಿಳಿದು, ನಲವತ್ತೆರಡನೇ ವಯಸ್ಸಿಗೆ ನನ್ನನ್ನು ಸಂಜೆ ಶಾಲೆಗೆ ಸೇರಿಸಿದವನು ಅವನೇ. ಊಟ ತಾನೇ ಬಿಸಿ ಮಾಡಿಕೊಳ್ಳುತ್ತಿದ್ದ.

ನಮಗೆ ಪಾಠ ಹೇಳಲು ಫಿಲಡೆಲ್ಫಿಯಾದಿಂದ ಒಬ್ಬ ಹೊಸ ಟೀಚರ್ ಬಂದಿದ್ದಳು. ಒಂದು ಸಂಜೆ ಬೋರ್ಡಿನ ಮೇಲೆ, ನನಗೆ ನನ್ನ ತಾಯಿಯೇ ಆಲ್ ಅಂತ ಬರೆದಳು. ಕ್ಲಾಸು ಗಪ್‌ಚಿಪ್ಪಾಯಿತು. ಹಿಂದಿನ ಬೆಂಚಿನ ಹಾಲಿನವನು ಟೊಪ್ಪಿ ತೆಗೆದು, ಪಾಪ, ಯಾವಾಗ ಹೋದರು ಅಂತ ಕೇಳಿದ.

ಆ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ವಿಷಯ ತಿಳಿದು, ಮೇಜಿಗೆ ಆತುಕೊಂಡು ನಕ್ಕಳು. ನಿಮ್ಮ ಹಾಗೆ ಆ ಮಾತನ್ನು ಆಡುವವರು ಈ ಕೌಂಟಿ ಬಿಟ್ಟರೆ ಎಲ್ಲೂ ಇಲ್ಲ, ಹೊರಗಿನವರು ಹೀಗೆ ಬರೆದರೆ, ನನಗೆ ಅವಳೇ ಸರ್ವಸ್ವ ಅಂತ ಅರ್ಥ ಅಂದಳು.

ಎಲ್ಲರೂ ನಗುತ್ತಿದ್ದರು. ನಾನು ಪೆನ್ಸಿಲ್ ಕೆಳಗಿಟ್ಟೆ. ಏಸಾ ಹೊರಗಿನವನು. ಅವನಿಗೆ ಅವನದೇ ಒಂದು ಆಲ್ ಇತ್ತು. ಅದು ನನಗೆ ಮರೆತೇ ಹೋಗಿತ್ತು.

ಮೂರು ದಿನ ಕೂತು ಕಾಗದ ಬರೆದೆ. ನನ್ನ ಜೀವನದಲ್ಲಿ ನೆಟ್ಟಗೆ ಬರೆದ ಮೊದಲನೇ ಕಾಗದ. ಆವತ್ತು ನೀನು ಬರೆದದ್ದು ನಿನ್ನ ಮಾತಿನಲ್ಲೋ ನನ್ನ ಮಾತಿನಲ್ಲೋ, ಅದೊಂದು ತಿಳಿಸು, ಅಷ್ಟೇ. ಸ್ಟ್ಯಾಂಪ್ ಅಂಟಿಸಿದೆ. ಪಕ್ಕದ ಕೋಣೆಯಲ್ಲಿ ರೇಮಂಡ್ ಸಿಳ್ಳೆ ಹಾಕುತ್ತಾ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಕಾಗದವನ್ನು ಅಂಗಿ ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿದೆ.

ರೇಮಂಡ್ ಹೋಗಿ ಒಂಬತ್ತು ವರ್ಷವಾಯಿತು. ಆಮೇಲೆ ಕಳಿಸಬಹುದಿತ್ತು. ಕಳಿಸಲಿಲ್ಲ. ನನ್ನ ಮಾತಿನಲ್ಲೇ ಬರೆದದ್ದು, ನೀನೇ ಸರ್ವಸ್ವ ಅಂತ ಅವನಿಂದ ಉತ್ತರ ಬಂದರೆ, ಆ ವಯಸ್ಸಿನಲ್ಲಿ ಅದನ್ನು ಎಲ್ಲಿಡುವುದು? ನಿಜ ಹೇಳಬೇಕೆಂದರೆ, ಇನ್ನೊಂದು ಉತ್ತರಕ್ಕೂ ಅಷ್ಟೇ ಹೆದರಿದ್ದೆ.

*

“ಅತ್ತೆ, ಏನೋ ಬರೆದಿದೆ ಇಲ್ಲಿ,” ಅಂದಳು ಲೊರೇನ್. ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. “ಉಲ್ಟಾ ಕಾಣ್ತಿದೆ. ಎರ್ಮಾ... ಎರ್ಮಾ ಮುಗೀತು? ಯಾರತ್ತೆ ಇದು, ಇಷ್ಟು ಕೆಟ್ಟದಾಗಿ ಬರೆದೋರು?”

ಅವಳೂ ನಮ್ಮೂರಿನವಳೇ. ನನ್ನ ಹಾಗೇ ಓದಿದಳು. ನನಗೆ ನಗು ಬಂತು. ನಗುವಿನ ಜೊತೆ ಬಂದದ್ದನ್ನು ಏಪ್ರನ್ನಿನಿಂದ ಒರೆಸಿಕೊಂಡೆ. ಎಲ್ಲ ಹೇಳಬೇಕಾಯಿತು, ಮರದ ರಾಶಿಯಿಂದ ಹಿಡಿದು.

ಎಲ್ಲ ಕೇಳಿಸಿಕೊಂಡು ಲೊರೇನ್ ಒಂದೇ ಪ್ರಶ್ನೆ ಕೇಳಿದಳು.

“ಮೊದಲನೇ ಜೋಡೀಲಿ ಅಂದಿದ್ರಾ? ಜೋಡಿ ಅಂದ್ರೆ ಏನತ್ತೆ?”

ಆರು ವರ್ಷ ನಾನು ಆ ಮಾತನ್ನು ದಿನಕ್ಕೆ ನೂರು ಸಲ ಆಡಿದ್ದೇನೆ. ಜೋಡಿ ಅಂದರೆ ಎದೆ ಮತ್ತು ಬೆನ್ನು. ಮಹೋಗನಿಯಲ್ಲಿ ಎರಡೂ ಒಂದೇ ದಿಮ್ಮಿಯ ಅಕ್ಕತಂಗಿಯರು. ನಾನು ಎದೆ ಮಾತ್ರ ಓದಿದ್ದೆ.

ಬೆನ್ನಿನ ಮೇಲೆ ಟಾರ್ಚ್ ಬಿಡು ಅಂದೆ. ಕೆಳಗಿನ ಅಗಲ ಪಟ್ಟಿ, ಸ್ಟೆಲ್ಲಾ ಅಂಟಿಸಿದ್ದು, ಒಂದು ತುದಿಯಲ್ಲಿ ಮಾತ್ರ ಹಿಡಿದುಕೊಂಡಿತ್ತು. ಅವಳು ಕೆಲಸಗೇಡಿಯಲ್ಲ. ಪೆನ್ಸಿಲ್ ಮಸಿಯ ಮೇಲೆ ಅಂಟು ಸರಿಯಾಗಿ ಕಚ್ಚುವುದಿಲ್ಲ. ಕೊಳ್ಳುವವರ ಕಣ್ಣಿಗೆ ಬೀಳದಿರಲಿ, ನಾನೊಬ್ಬಳೇ ಓದಿ ಮುಚ್ಚಿಬಿಡಲಿ ಅಂತ ಅವನು ಪಟ್ಟಿ ಕೂರುವ ಜಾಗದಲ್ಲೇ ಬರೆದಿದ್ದ.

ಕೆಟಲಿನ ಆವಿಯಲ್ಲಿ ತೆಳ್ಳನೆ ಅಲಗು ಬಿಸಿ ಮಾಡಿ ಕಂಡಿಯೊಳಗೆ ತೂರಿಸಿದೆ. ಮೊಣಕೈಯನ್ನು ಟೇಬಲ್ಲಿಗೆ ಒತ್ತಿದೆ. ನಿಧಾನ, ಎರ್ಮಾ, ಇಷ್ಟು ವರ್ಷ ತಾಳಿದ್ದೀಯ ಅಂತ ನನಗೆ ನಾನೇ ಹೇಳಿಕೊಂಡೆ. ಟಿಕ್ ಅಂತ ಪಟ್ಟಿ ಬಿಟ್ಟಿತು. ಕೆಳಗೆ ಮರ ಹೊಸದರಂತೆ ತಿಳಿ ಬಣ್ಣದಲ್ಲಿತ್ತು. ಅಲ್ಲಿ ಅದೇ ದಪ್ಪ ಅಕ್ಷರ, ಅದೇ ವಾಕ್ಯದ ಉಳಿದರ್ಧ.

ನನಗೆ ಬೇಕಾದ್ದು. ಕಾಗದ ಬರಿ. ಏಸಾ.

ಎದೆ, ಬೆನ್ನು ಸೇರಿಸಿ ಓದಿದೆ: ನನಗೆ ಬೇಕಾದ್ದೆಲ್ಲ ಎರ್ಮಾನೇ. ಲೊರೇನ್ ಟಾರ್ಚ್ ಆರಿಸಿದಳು. ಬೆಳಗ್ಗೆ ಹನ್ನೊಂದು ಗಂಟೆಯ ಬಿಸಿಲು ಹೆಚ್ಚಿದ ಸೇಬಿನ ಮೇಲೆ ಬಿದ್ದಿತ್ತು. ಅವನು ಅಲ್ಲಿ ಎಷ್ಟು ತಿಂಗಳು ಟಪಾಲಿನವನ ದಾರಿ ಕಾದನೋ. ನಾನು ಅವನನ್ನು ಕಲ್ಲೆದೆಯವನು ಅಂದುಕೊಂಡಿದ್ದೆ. ಅವನು ನನ್ನನ್ನು ಏನಂದುಕೊಂಡಿದ್ದನೋ.

“ವಿಳಾಸದ ಚೀಟಿ ಇದೆಯಾ ಅತ್ತೆ?”

ಗುಂಡಿಗಳ ಡಬ್ಬಿಯಲ್ಲಿದೆ ಅಂದೆ. ಕೊಡಿ ಅಂದದ್ದಕ್ಕೆ ಕೊಟ್ಟೆ. ನಾನು ಸೇಬಿನ ಕಡೆ ತಿರುಗುವಷ್ಟರಲ್ಲಿ ಅವಳು ನಡುಮನೆಯಲ್ಲಿ ಫೋನ್ ಹಿಡಿದು, ಆ ಊರಿನಲ್ಲಿ ಥರ್ಲೊ ಅನ್ನುವ ಹೆಸರಿನ ದೋಣಿ ಕಟ್ಟುವವರು ಇದ್ದಾರಾ ಅಂತ ವಿಚಾರಿಸುತ್ತಿದ್ದಳು. ಇದ್ದರು. ಫೋನ್ ಎತ್ತಿದ್ದು ಅವನ ಅಣ್ಣನ ಮಗ. ಚಿಕ್ಕಪ್ಪ ಹಿತ್ತಲಲ್ಲಿದ್ದಾರೆ, ಯಾರೋ ಉಜ್ಜಿದ ಹಲಗೆ ಸರಿಯಿಲ್ಲ ಅಂತ ಜಗಳ ಆಡ್ತಿದ್ದಾರೆ, ಕರೀಲಾ ಅಂದನಂತೆ. ಲೊರೇನ್ ಫೋನನ್ನು ಎದೆಗೆ ಒತ್ತಿ ಹಿಡಿದು ಬಂದಳು.

“ಇನ್ನೊಂದು ಕೇಳಿದೆ, ಬೈಬೇಡಿ. ಮನೇಲಿ ಯಾರಿದಾರೆ ಅಂತ. ಒಂದು ನಾಯಿ ಇದೆಯಂತೆ. ಅಷ್ಟೇ. ಮಾತಾಡ್ತೀರಾ?”

ನಾನು ತಲೆಯಾಡಿಸಿದೆ. ಬೇಡ, ಇಡು.

“ಯಾಕತ್ತೆ? ಅಲ್ಲೇ ಇದಾರೆ.”

“ಅವನು ಬರಿ ಅಂದಿದ್ದ ಕಣೇ. ಫೋನ್ ಮಾಡು ಅಂದಿರಲಿಲ್ಲ.”

ಅವಳು ನನ್ನ ಮುಖ ನೋಡಿ, ಕೆನ್ನೆ ಯಾಕೆ ಕೆಂಪಾಗಿದೆ ಅಂತ ಕೇಳಿದಳು. ಕೆಟಲಿನ ಆವಿ ಅಂದೆ. ಕೆಟಲ್ ಅಷ್ಟು ದೂರದಲ್ಲಿದೆಯಲ್ಲ ಅಂದಳು. ಸೇಬು ಹೆಚ್ಚು ಹೋಗು ಅಂದೆ.

ಗುಂಡಿಗಳ ಡಬ್ಬಿ ಬೋರಲು ಹಾಕಿದೆ. ಇಪ್ಪತ್ತೇಳು ವರ್ಷದ ಲಕೋಟೆ, ಅಂಚು ಹಳದಿಯಾಗಿತ್ತು. ಪಟ್ಟಿ ಬಿಡಿಸಿದ ಅದೇ ಆವಿಯ ಮೇಲೆ ಹಿಡಿದೆ. ಲಕೋಟೆಯ ಬಾಯಿ ತಾನಾಗಿ ತೆರೆದುಕೊಂಡಿತು. ನನ್ನ ಹಳೇ ಅಕ್ಷರ ಓದಿದೆ. ಒಂದೊಂದು ಅಕ್ಷರವೂ ಪರೀಕ್ಷೆಗೆ ಕೂತ ಹಾಗೆ ನೆಟ್ಟಗೆ ಕೂತಿತ್ತು. ನಿನ್ನ ಮಾತಿನಲ್ಲೋ ನನ್ನ ಮಾತಿನಲ್ಲೋ ಅನ್ನುವ ಪ್ರಶ್ನೆಯ ಮೇಲೆ ಒಂದು ಗೆರೆ ಎಳೆದೆ. ಕೆಳಗೆ, ಈಗಿನ ನಡುಗುವ ಅಕ್ಷರದಲ್ಲಿ, ಹೀಗೆ ಸೇರಿಸಿದೆ.

‘ಏಸಾ, ಬೆನ್ನು ಹಲಗೆಯನ್ನು ಇವತ್ತು ಓದಿದೆ. ಆವತ್ತು ಎದೆ ಮಾತ್ರ ಓದಿದ್ದೆ, ಅದನ್ನೂ ನಮ್ಮೂರಿನವಳ ಹಾಗೆ ಓದಿದ್ದೆ. ನೀನು ಕಾದದ್ದು ನನಗೆ ಗೊತ್ತಾಗಲಿಲ್ಲ. ಗಿಟಾರ್ ನನ್ನ ಮನೆಯಲ್ಲಿದೆ. ಕುತ್ತಿಗೆ ಬಾಗಿದೆ, ಎದೆ ಚೂರು ಉಬ್ಬಿದೆ, ಒಂದು ಬಿರುಕು ಇದೆ. ನನ್ನದೂ ಹೆಚ್ಚು ಕಡಿಮೆ ಹಾಗೇ. ನಾನು ಸಿಟ್ಟಿನಲ್ಲಿ ಅಂಟಿಸಿದ್ದು ಒಂದೂ ಬಿಟ್ಟಿಲ್ಲ. ಬೆನ್ನಿನ ಪಟ್ಟಿ ಮತ್ತೆ ಅಂಟಿಸಬೇಕು, ಒಬ್ಬಳಿಂದ ಆಗದು, ಒಳಗಿನಿಂದ ಹಿಡಿಯಲು ಇನ್ನೊಂದು ಕೈ ಬೇಕು. ಕಾಫಿ ಇನ್ನೂ ಆಲ್ ಆಗಿಲ್ಲ. ಎರ್ಮಾನೂ ಆಗಿಲ್ಲ.’

ಲಕೋಟೆಯ ಹಳೇ ಗೋಂದು ಸತ್ತುಹೋಗಿತ್ತು. ಹಳೇ ಕೆಲಸದ ಪೆಟ್ಟಿಗೆಯಲ್ಲಿದ್ದ ಅಂಟಿನ ಹರಳು ಎರಡು ತೆಗೆದು ಬಿಸಿ ನೀರಲ್ಲಿ ಕರಗಿಸಿ, ಕಡ್ಡಿಯಿಂದ ಹಚ್ಚಿ ಒತ್ತಿದೆ. ಸೋರಿದ್ದನ್ನು ಈ ಸಲ ಬಟ್ಟೆಯಿಂದ ಒರೆಸಿದೆ.

ಅಂಚೆ ಕಚೇರಿಗೆ ನಾನೇ ನಡೆದುಕೊಂಡು ಹೋದೆ. ಕಾರು ತರುತ್ತೇನೆಂದು ಲೊರೇನ್ ಹಿಂದೆ ಬಿದ್ದಳು, ಬೇಡ ಅಂದೆ. ಕೌಂಟರಿನ ಹ್ಯಾರಿಸನ್ ಲಕೋಟೆ ತಿರುಗಿಸಿ ನೋಡಿ, ಈ ಸ್ಟ್ಯಾಂಪು ನಮ್ಮಪ್ಪ ಇಲ್ಲಿ ಕೂತಿದ್ದಾಗಿನದು ಎರ್ಮಾ ಆಂಟಿ, ಇದು ಸಾಲದು ಅಂದ. ಹಳೇದರ ಪಕ್ಕ ಹೊಸದೊಂದು ಅಂಟಿಸಿದ.

“ಮಾಮೂಲಿ ಟಪಾಲಾ, ಬೇಗ ಹೋಗಬೇಕಾ?”

ಜೀವಮಾನವಿಡೀ ನನಗೆ ಅವಸರವಿಲ್ಲ ಅಂತ ಹೇಳಿಕೊಂಡೇ ಬಂದವಳು ನಾನು.

“ಬೇಗ ಹೋಗಬೇಕಪ್ಪಾ,” ಅಂದೆ.

ಅವನು ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದ. ಮಹೋಗನಿ ತಟ್ಟಿದ ಹಾಗೆ, ಚಿಕ್ಕದಾಗಿ ಒಮ್ಮೆ ಸದ್ದಾಯಿತು.